ಆನ್‌ಲೈನ್ ಗೇಮ್‌ಗೆ ಪಿಸಿ ಅಪ್‌ಗ್ರೇಡ್: ಫ್ರೇಮ್ ಎಲ್ಲಿ ಸಿಕ್ಕಿಕೊಂಡಿದೆ ನೋಡಿ, ಆಮೇಲೆ ಕೊಳ್ಳಿ

ಗೇಮ್ ತಡವರಿಸುತ್ತಿದೆ ಅಂದ ಕೂಡಲೇ ಬರುವ ಸಲಹೆ ಒಂದೇ: ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ. ಒಬ್ಬರೇ ಕೂತು ಆಡುವ, ನೋಡಲು ಭರ್ಜರಿಯಾದ ಗೇಮ್‌ಗಳಿಗೆ ಈ ಸಲಹೆ ಬಹುಪಾಲು ಸರಿ. ಆದರೆ ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2, ಡೋಟಾ 2, ಲೀಗ್ ಆಫ್ ಲೆಜೆಂಡ್ಸ್‌ನಂಥ ಆನ್‌ಲೈನ್ ಗೇಮ್‌ಗಳಲ್ಲಿ ಎಷ್ಟೋ ಸಲ ಕಾರ್ಡ್‌ಗೆ ಪೂರ್ತಿ ಕೆಲಸವೇ ಇರುವುದಿಲ್ಲ. ಒದ್ದಾಡುತ್ತಿರುವುದು ಪ್ರೊಸೆಸರ್. ಅಂಥ ಪಿಸಿಗೆ ದುಬಾರಿ ಕಾರ್ಡ್ ಹಾಕಿದರೆ ದುಡ್ಡು ಹೋಗುತ್ತದೆ, ಫ್ರೇಮ್ ರೇಟ್ (ಸೆಕೆಂಡಿಗೆ ತೆರೆಯ ಮೇಲೆ ಬರುವ ಚಿತ್ರಗಳ, ಅಂದರೆ ಫ್ರೇಮ್‌ಗಳ, ಲೆಕ್ಕ) ಮಾತ್ರ ಇದ್ದಲ್ಲೇ ಇರುತ್ತದೆ.

ಕಾರಣ ಇಷ್ಟೆ. ಒಂದೊಂದು ಫ್ರೇಮ್ ತೆರೆಯ ಮೇಲೆ ಬರುವ ಮೊದಲೂ ಪ್ರೊಸೆಸರ್ ಒಂದಷ್ಟು ಲೆಕ್ಕ ಮುಗಿಸಬೇಕು. ಸರ್ವರ್ ಕಳಿಸಿದ ಮಾಹಿತಿ ಓದಬೇಕು. ಯಾರು ಎಲ್ಲಿದ್ದಾರೆ, ಯಾರು ಓಡುತ್ತಿದ್ದಾರೆ, ಹೊಗೆ ಎಲ್ಲಿ ಹರಡಿದೆ, ಸದ್ದು ಯಾವ ಕಡೆಯಿಂದ ಬರಬೇಕು ಎಂದೆಲ್ಲ ತೀರ್ಮಾನಿಸಬೇಕು. ಕೊನೆಗೆ ಏನೇನು ಬಿಡಿಸಬೇಕು ಎಂಬ ಪಟ್ಟಿಯನ್ನು ಕಾರ್ಡ್‌ಗೆ ಕೊಡಬೇಕು. ಈ ಕೆಲಸದ ದೊಡ್ಡ ಪಾಲು ಒಂದಾದ ಮೇಲೆ ಒಂದು ನಡೆಯುವಂಥದ್ದು. ಹಾಗಾಗಿ ಭಾರವೆಲ್ಲ ಒಂದೆರಡು ಕೋರ್‌ಗಳ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಭಾಗಗಳು) ಮೇಲೆಯೇ ಬೀಳುತ್ತದೆ. ಇನ್ನೊಂದು ಕಡೆ, ಹಳೆಯ ಪಿಸಿಯಲ್ಲೂ ಓಡಲಿ ಅಂತ ಇಂಥ ಗೇಮ್‌ಗಳ ಗ್ರಾಫಿಕ್ಸ್ ಹಗುರವಾಗಿಯೇ ಇರುತ್ತದೆ. ಕಾರ್ಡ್ ತನ್ನ ಪಾಲಿನದನ್ನು ಬೇಗ ಮುಗಿಸಿ ಮುಂದಿನ ಪಟ್ಟಿಗಾಗಿ ಕಾಯುತ್ತಾ ಕೂತಿರುತ್ತದೆ.

ಆದ್ದರಿಂದ ಮೊದಲ ಕೆಲಸ ಅಂಗಡಿಗೆ ಹೋಗುವುದಲ್ಲ, ಅಳೆಯುವುದು.

ಇದು ಫ್ರೇಮ್ ಸಮಸ್ಯೆಯೇ, ನೆಟ್ ಸಮಸ್ಯೆಯೇ?

ಎರಡಕ್ಕೂ ಜನ 'ಲ್ಯಾಗ್' ಅಂತಲೇ ಹೇಳುತ್ತಾರೆ, ಗೊಂದಲ ಶುರುವಾಗುವುದು ಅಲ್ಲೇ. ಗುರುತಿಸುವುದು ಕಷ್ಟವಲ್ಲ. ಆಟದಲ್ಲಿ ನಿಂತ ಜಾಗದಲ್ಲೇ ಮೌಸ್ ಅನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ. ನಿಮ್ಮ ನೋಟ ನುಣ್ಣಗೆ ತಿರುಗುತ್ತಿದೆ, ಆದರೆ ಎದುರಾಳಿಗಳು ಇಲ್ಲಿದ್ದವರು ಅಲ್ಲಿಗೆ ಜಿಗಿಯುತ್ತಿದ್ದಾರೆ ಅಥವಾ ಹೊಡೆದ ಏಟು ತಡವಾಗಿ ತಾಗುತ್ತಿದೆ ಅಂದರೆ ಅದು ನೆಟ್‌ವರ್ಕ್. ವೈಫೈ ಬಿಟ್ಟು ಕೇಬಲ್ ಹಾಕಿ, ಹತ್ತಿರದ ಸರ್ವರ್ ಆರಿಸಿ. ಎಷ್ಟೇ ದೊಡ್ಡ ಕಾರ್ಡ್ ತಂದರೂ ಪಿಂಗ್ (ಸರ್ವರ್‌ಗೆ ಮಾಹಿತಿ ಹೋಗಿ ಬರುವ ಸಮಯ) ಇಳಿಯುವುದಿಲ್ಲ. ನೋಟ ತಿರುಗುವುದೇ ಕಚ್ಚಿ ಕಚ್ಚಿ ನಿಲ್ಲುತ್ತಿದ್ದರೆ ಆಗ ತೊಂದರೆ ಪಿಸಿಯಲ್ಲಿದೆ. ಮುಂದೆ ಓದಿ.

ಖರ್ಚಿಲ್ಲದೆ ಸರಿಹೋಗುವುದನ್ನು ಮೊದಲು ನೋಡಿ

ಮಾನಿಟರ್ ಕೇಬಲ್ ಎಲ್ಲಿಗೆ ಸಿಕ್ಕಿಸಿದೆ ಅಂತ ಕ್ಯಾಬಿನೆಟ್ ಹಿಂದೆ ಒಮ್ಮೆ ಇಣುಕಿ. ಅದು ಗ್ರಾಫಿಕ್ಸ್ ಕಾರ್ಡ್‌ನ ಪೋರ್ಟ್‌ಗೆ ಇರಬೇಕು, ಮದರ್‌ಬೋರ್ಡ್‌ನದಕ್ಕಲ್ಲ. ಆಮೇಲೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಅಂತ ಒಳಗೆ ಹೋಗಿ ರಿಫ್ರೆಶ್ ರೇಟ್ (ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದು) ನೋಡಿ. 144 ಹರ್ಟ್ಜ್ ಮಾನಿಟರ್ ಕೊಂಡು 60ರಲ್ಲೇ ಓಡಿಸುತ್ತಿರುವವರು ಕಡಿಮೆಯೇನಿಲ್ಲ.

ಇದಕ್ಕಿಂತ ಮುಖ್ಯವಾದದ್ದು ರ‍್ಯಾಮ್. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ. ಎಷ್ಟು ಸ್ಲಾಟ್ ಬಳಕೆಯಲ್ಲಿವೆ, ವೇಗ ಎಷ್ಟು ಅಂತ ಅಲ್ಲೇ ಬರೆದಿರುತ್ತದೆ. ಒಂದೇ ಸ್ಲಾಟ್ ಬಳಕೆಯಲ್ಲಿದ್ದರೆ ಪಿಸಿ ಸಿಂಗಲ್ ಚಾನೆಲ್‌ನಲ್ಲಿದೆ ಎಂದರ್ಥ. ಪ್ರೊಸೆಸರ್ ಮತ್ತು ರ‍್ಯಾಮ್ ನಡುವಿನ ದಾರಿ ಅರ್ಧಕ್ಕರ್ಧ ಕಿರಿದಾಗಿದೆ. ಎರಡು ಸ್ಟಿಕ್ ಇದ್ದೂ ಅಕ್ಕಪಕ್ಕದ ಸ್ಲಾಟ್‌ಗಳಲ್ಲಿ ಹಾಕಿದ್ದರೆ ಸಾಮಾನ್ಯವಾಗಿ ಇದೇ ಗತಿ. ನಾಲ್ಕು ಸ್ಲಾಟ್ ಇರುವ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಬಳಸಬೇಕು.

ಇನ್ನು ವೇಗ. ಡಬ್ಬಿಯ ಮೇಲೆ 3200 ಅಂತ ಬರೆದ ಡಿಡಿಆರ್4 ರ‍್ಯಾಮ್ ತಾನಾಗಿಯೇ 3200ರಲ್ಲಿ ಓಡುವುದಿಲ್ಲ. ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್ಸ್) ಹೋಗಿ, ಡಬ್ಬಿಯ ಮೇಲಿನ ವೇಗ ಕೊಡುವ ಎಕ್ಸ್‌ಎಂಪಿ ಪ್ರೊಫೈಲ್ ಆನ್ ಮಾಡುವವರೆಗೂ ಎಷ್ಟೋ ಸ್ಟಿಕ್‌ಗಳು 2133 ಅಥವಾ 2400ರಲ್ಲೇ ಇರುತ್ತವೆ. ಡಿಡಿಆರ್5ನಲ್ಲೂ ಇದೇ ಕತೆ, 6000ದ ರ‍್ಯಾಮ್ 4800ರಲ್ಲಿ ಕೂತಿರುತ್ತದೆ. ಎಎಂಡಿ ಬೋರ್ಡ್‌ಗಳಲ್ಲಿ ಈ ಆಯ್ಕೆ ಎಕ್ಸ್‌ಪೋ ಅಥವಾ ಡಿಒಸಿಪಿ ಎಂಬ ಹೆಸರಲ್ಲೂ ಕಾಣಿಸಬಹುದು. ಪ್ರೊಸೆಸರ್ ಮೇಲೆ ಭಾರ ಹಾಕುವ ಗೇಮ್‌ಗಳಲ್ಲಿ ಈ ಎರಡು ಬದಲಾವಣೆಗಳಿಂದಲೇ ತಡವರಿಕೆ ಎದ್ದು ಕಾಣುವಷ್ಟು ಕಡಿಮೆಯಾಗಬಹುದು. ಎರಡು ಸ್ಟಿಕ್ ಈಗಾಗಲೇ ಇದ್ದರೆ ಒಂದು ಪೈಸೆ ಖರ್ಚಿಲ್ಲ. ಇದನ್ನು ನೋಡದೆ ಮುಂದೆ ಹೋಗಲೇಬೇಡಿ.

ಬಿಸಿಯನ್ನೂ ಗಮನಿಸಿ. ಎಚ್‌ಡಬ್ಲ್ಯೂಇನ್‌ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಅರ್ಧ ಗಂಟೆ ಆಡಿ. ಪ್ರೊಸೆಸರ್ ತನ್ನ ಮಿತಿಯನ್ನು, ಅಂದರೆ ಚಿಪ್ ಯಾವುದೆಂಬುದರ ಮೇಲೆ 95 ಅಥವಾ 100 ಡಿಗ್ರಿ ಸುತ್ತಮುತ್ತ, ಮುಟ್ಟುತ್ತಿದ್ದರೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕೂಲರ್‌ನ ಧೂಳು ಊದಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದರೆ ಕಳೆದುಹೋದ ವೇಗ ವಾಪಸ್ ಬರುತ್ತದೆ.

ಅಳೆಯುವ ಬಗೆ

ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆ ಬರುವ ರಿವಾಟ್ಯೂನರ್ ಹಾಕಿಕೊಂಡರೆ ಆಡುವಾಗಲೇ ತೆರೆಯ ಮೂಲೆಯಲ್ಲಿ ಅಂಕಿಗಳು ಕಾಣಿಸುತ್ತವೆ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್), ಫ್ರೇಮ್ ಟೈಮ್ (ಒಂದು ಫ್ರೇಮ್‌ಗೆ ಎಷ್ಟು ಹೊತ್ತು), ಕಾರ್ಡ್ ಶೇಕಡಾ ಎಷ್ಟು ಬಳಕೆಯಲ್ಲಿದೆ, ಪ್ರತಿ ಕೋರ್ ಎಷ್ಟು ಬಳಕೆಯಲ್ಲಿದೆ, ಈ ನಾಲ್ಕು, ಜೊತೆಗೆ ಮುಂದೆ ಹೇಳುವ 1 ಪರ್ಸೆಂಟ್ ಲೋ ಸಾಕು. ಕೆಲವು ಗೇಮ್‌ಗಳ ಆಂಟಿ ಚೀಟ್ (ಮೋಸದ ಆಟ ತಡೆಯುವ ತಂತ್ರಾಂಶ) ಹೀಗೆ ತೆರೆಯ ಮೇಲೆ ಕೂರುವ ಹೊರಗಿನ ಓವರ್‌ಲೇಯನ್ನು ಒಪ್ಪುವುದಿಲ್ಲ. ಆಗ ಗೇಮ್‌ನೊಳಗೇ ಇರುವ ಕೌಂಟರ್ ಬಳಸಿ, ಕಾರ್ಡ್ ಬಳಕೆಯನ್ನು ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿ.

ಸರಾಸರಿ ಎಫ್‌ಪಿಎಸ್ ಒಂದನ್ನೇ ನಂಬಬೇಡಿ. ಸರಾಸರಿ 140 ಇದ್ದೂ, ಐದು ಜನ ಒಂದೇ ಕಡೆ ನುಗ್ಗಿದಾಗ 50ಕ್ಕೆ ಕುಸಿದರೆ ಆ ಕ್ಷಣದಲ್ಲೇ ನೀವು ಸಾಯುವುದು. ಅದಕ್ಕೇ 1 ಪರ್ಸೆಂಟ್ ಲೋ ಎಂಬ ಅಂಕಿಯನ್ನು ನೋಡಬೇಕು. ಅತಿ ನಿಧಾನವಾಗಿ ಬಂದ ನೂರರಲ್ಲೊಂದು ಪಾಲು ಫ್ರೇಮ್‌ಗಳು ಯಾವ ವೇಗದಲ್ಲಿದ್ದವು ಅಂತ ಅದು ಹೇಳುತ್ತದೆ. ನನ್ನ ಮಟ್ಟಿಗೆ ಆನ್‌ಲೈನ್ ಗೇಮ್‌ನಲ್ಲಿ ಸರಾಸರಿಗಿಂತ ಇದೇ ಮುಖ್ಯ. ಅಪ್‌ಗ್ರೇಡ್ ಸಾರ್ಥಕವಾಯಿತೇ ಎಂಬುದನ್ನೂ ಇದರಿಂದಲೇ ಅಳೆಯಬೇಕು.

ಈಗ ಪರೀಕ್ಷೆ. ಆಟದ ಸೆಟ್ಟಿಂಗ್ಸ್‌ನಲ್ಲಿ ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವ ಆಯ್ಕೆ) ಆಫ್ ಮಾಡಿ, ಫ್ರೇಮ್ ಮಿತಿ ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಅಂಕಿಗಳು ದಾರಿ ತಪ್ಪಿಸುತ್ತವೆ. ಖಾಲಿ ಅಭ್ಯಾಸದ ಮೈದಾನದಲ್ಲಿ ಅಳೆಯಬೇಡಿ, ಅಲ್ಲಿ ಎಲ್ಲ ಪಿಸಿಯೂ ಚೆನ್ನಾಗಿಯೇ ಓಡುತ್ತದೆ. ನಿಜವಾದ ಪಂದ್ಯ ಬೇಕು, ಜನ ಗುಂಪುಗೂಡುವ ಹೊತ್ತು ಬೇಕು. ಹಳೆಯ ಪಂದ್ಯದ ರೀಪ್ಲೇ ಓಡಿಸುವ ಅವಕಾಶ ಇದ್ದರೆ ಇನ್ನೂ ಒಳ್ಳೆಯದು. ಪ್ರತಿ ಸಲವೂ ಅದೇ ದೃಶ್ಯ ಸಿಗುತ್ತದೆ, ಹೋಲಿಸಲು ಸುಲಭ.

ಒಮ್ಮೆ ನೀವು ಯಾವಾಗಲೂ ಆಡುವ ರೆಸಲ್ಯೂಶನ್‌ನಲ್ಲಿ ಅಳೆಯಿರಿ. ಆಮೇಲೆ ಬೇರೇನನ್ನೂ ಮುಟ್ಟದೆ ರೆಸಲ್ಯೂಶನ್ ಒಂದನ್ನೇ 1280x720ಕ್ಕೆ ಇಳಿಸಿ, ಅದೇ ದೃಶ್ಯವನ್ನು ಮತ್ತೆ ಅಳೆಯಿರಿ. 1080ಪಿಯಲ್ಲಿ 92 ಎಫ್‌ಪಿಎಸ್, ಕಾರ್ಡ್ ಬಳಕೆ ಶೇ. 58 ಇತ್ತು ಅಂದುಕೊಳ್ಳಿ. 720ಪಿಗೆ ಇಳಿಸಿದ ಮೇಲೂ 94ರಲ್ಲೇ ನಿಂತರೆ ಕಾರ್ಡ್‌ನದು ಏನೂ ತಪ್ಪಿಲ್ಲ. ಅದಕ್ಕೆ ಅರ್ಧಕ್ಕಿಂತ ಕಡಿಮೆ ಪಿಕ್ಸೆಲ್ ಕೊಟ್ಟರೂ ಫ್ರೇಮ್ ಜಾಸ್ತಿಯಾಗಲಿಲ್ಲ ಅಲ್ವಾ? ತಡೆದಿರುವುದು ಪ್ರೊಸೆಸರ್ ಅಥವಾ ರ‍್ಯಾಮ್. ಬದಲಿಗೆ ಅದೇ 92 ಎಫ್‌ಪಿಎಸ್‌ನಲ್ಲಿ ಕಾರ್ಡ್ ಬಳಕೆ ಶೇ. 97 ಅಥವಾ 98 ಇದ್ದು, 720ಪಿಯಲ್ಲಿ 150ಕ್ಕೆ ಏರಿದರೆ ತಡೆ ಕಾರ್ಡ್‌ನಲ್ಲಿದೆ.

ಇಲ್ಲಿ ಬಹಳ ಮಂದಿ ಎಡವುವ ಒಂದು ಜಾಗವಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ ಶೇ. 30 ಎಂದು ಕಂಡು, ಪ್ರೊಸೆಸರ್ ಇನ್ನೂ ಖಾಲಿಯಿದೆ ಅಂದುಕೊಳ್ಳುತ್ತಾರೆ. 16 ಥ್ರೆಡ್ (ಒಟ್ಟೊಟ್ಟಿಗೆ ನಡೆಯಬಲ್ಲ ಕೆಲಸದ ಸಾಲುಗಳು) ಇರುವ ಚಿಪ್‌ನಲ್ಲಿ ಒಂದು ಥ್ರೆಡ್ ಪೂರ್ತಿ ತುಂಬಿದರೂ ಒಟ್ಟು ಲೆಕ್ಕದಲ್ಲಿ ಅದು ಸುಮಾರು ಶೇ. 6 ಮಾತ್ರ. ಗೇಮ್‌ನ ಮುಖ್ಯ ಥ್ರೆಡ್ ಉಸಿರು ಕಟ್ಟಿ ಓಡುತ್ತಿದ್ದರೂ ಒಟ್ಟು ಅಂಕಿ ಸಣ್ಣದಾಗಿಯೇ ಇರುತ್ತದೆ. ಕಾರ್ಡ್ ಬಳಕೆಯ ಅಂಕಿ ನಂಬಿ, ಪ್ರೊಸೆಸರ್‌ನ ಒಟ್ಟು ಅಂಕಿಯನ್ನಲ್ಲ.

ಗುರಿ ಎಷ್ಟು?

60 ಎಫ್‌ಪಿಎಸ್ ಅಂದರೆ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್. 144ಕ್ಕೆ 6.9. 240ಕ್ಕೆ 4.2. ಮೊದಲ ಜಿಗಿತದಲ್ಲಿ ಉಳಿಯುವುದು ಸುಮಾರು 10 ಮಿಲಿಸೆಕೆಂಡ್, ಎರಡನೆಯದರಲ್ಲಿ 3ಕ್ಕಿಂತ ಕಡಿಮೆ. 60ರಿಂದ 144ಕ್ಕೆ ಹೋದಾಗ ಆಟವೇ ಬೇರೆ ಅನಿಸುತ್ತದೆ, ಅಲ್ಲಿಂದ ಮೇಲಕ್ಕೆ ವ್ಯತ್ಯಾಸ ಸಣ್ಣದಾಗುತ್ತಾ ಹೋಗುತ್ತದೆ, ಖರ್ಚು ಮಾತ್ರ ಏರುತ್ತದೆ. ನಿಮ್ಮ ಮಾನಿಟರ್ 144 ಹರ್ಟ್ಜ್‌ನದಾದರೆ 1 ಪರ್ಸೆಂಟ್ ಲೋ ಅದರ ಹತ್ತಿರ ಬರುವಷ್ಟು ಮಾಡಿಕೊಂಡರೆ ಸಾಕು ಎಂಬುದು ನನ್ನ ಅಭಿಪ್ರಾಯ. ಮಾನಿಟರ್ 60 ಹರ್ಟ್ಜ್‌ನದಾಗಿದ್ದು ಗೇಮ್ ಈಗಾಗಲೇ ನೂರರ ಮೇಲೆ ಓಡುತ್ತಿದ್ದರೆ ನೀವು ಬದಲಿಸಬೇಕಾದದ್ದು ಮಾನಿಟರ್.

ತಡೆ ಪ್ರೊಸೆಸರ್‌ನಲ್ಲಿದ್ದರೆ

ಮದರ್‌ಬೋರ್ಡ್ ಮಾದರಿಯ ಹೆಸರು ಹುಡುಕಿ. ಸಿಪಿಯು-ಝಡ್ ಎಂಬ ಸಣ್ಣ ತಂತ್ರಾಂಶ ಅದನ್ನು ತೋರಿಸುತ್ತದೆ. ಆಮೇಲೆ ತಯಾರಕರ ಜಾಲತಾಣದಲ್ಲಿ ಆ ಬೋರ್ಡ್ ಯಾವ್ಯಾವ ಪ್ರೊಸೆಸರ್ ಒಪ್ಪುತ್ತದೆ, ಯಾವ ಬಯೋಸ್ ಆವೃತ್ತಿಯಿಂದ ಒಪ್ಪುತ್ತದೆ ಎಂಬ ಪಟ್ಟಿ ನೋಡಿ. ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸಲು ಆಗುತ್ತದೆಯೇ ಎಂಬುದಕ್ಕೆ ಉತ್ತರ ಅಲ್ಲಿದೆ.

ಎಎಂಡಿಯ ಎಎಂ4 ಸಾಕೆಟ್ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಇರುವವರು ಅದೃಷ್ಟವಂತರು. 2017ರಲ್ಲಿ ಮೊದಲ ರೈಜನ್ ಚಿಪ್‌ಗಳು ಬಂದ ಅದೇ ಸಾಕೆಟ್‌ಗೆ 2020ರ ರೈಜನ್ 5000 ಸರಣಿಯೂ ಕೂರುತ್ತದೆ. ಹಳೆಯ ಬೋರ್ಡ್‌ಗಳಿಗೂ ಹಲವು ತಯಾರಕರು ಬಯೋಸ್ ಅಪ್‌ಡೇಟ್ ಕೊಟ್ಟಿದ್ದಾರೆ. ಈ ಸಾಕೆಟ್‌ಗೆ ಗೇಮ್ ಆಡುವವರ ಮಟ್ಟಿಗೆ ತುದಿಯ ಚಿಪ್ ಅಂದರೆ 2022ರ ರೈಜನ್ 7 5800ಎಕ್ಸ್3ಡಿ. ಸಾಮಾನ್ಯ 5800ಎಕ್ಸ್‌ನಲ್ಲಿ ಎಲ್3 ಕ್ಯಾಶ್ (ಚಿಪ್‌ನೊಳಗಿನ ವೇಗದ ಮೆಮೊರಿ) 32 ಎಂಬಿ, ಇದರಲ್ಲಿ 96 ಎಂಬಿ. ಗೇಮ್‌ಗೆ ಪದೇ ಪದೇ ಬೇಕಾಗುವ ಮಾಹಿತಿ ಚಿಪ್‌ನೊಳಗೇ ಸಿಗುತ್ತದೆ, ರ‍್ಯಾಮ್‌ವರೆಗೆ ಹೋಗಿ ಬರುವ ಕಾಯುವಿಕೆ ತಪ್ಪುತ್ತದೆ. ಆನ್‌ಲೈನ್ ಗೇಮ್‌ಗಳಲ್ಲಿ 1 ಪರ್ಸೆಂಟ್ ಲೋ ಮೇಲೆತ್ತುವುದು ಇಂಥ ಚಿಪ್‌ಗಳೇ. 2024ರಲ್ಲಿ ಬಂದ 5700ಎಕ್ಸ್3ಡಿ ಇದರ ತಮ್ಮ, ವೇಗ ಸ್ವಲ್ಪ ಕಡಿಮೆ, ಕ್ಯಾಶ್ ಅಷ್ಟೇ.

ಇಂಟೆಲ್‌ನಲ್ಲಿ ಎಲ್‌ಜಿಎ 1700 ಸಾಕೆಟ್ ಇದ್ದರೆ 12, 13, 14ನೇ ತಲೆಮಾರಿನ ಮೂರೂ ಚಿಪ್ ಕೂರುತ್ತವೆ. 13 ಮತ್ತು 14ನೇ ತಲೆಮಾರಿನದನ್ನು ಹಾಕುವುದಾದರೆ ಮೊದಲು ಬಯೋಸ್ ಅಪ್‌ಡೇಟ್ ಮಾಡಿ. ಅವುಗಳಲ್ಲಿನ ವೋಲ್ಟೇಜ್ ತೊಂದರೆಗೆ ಇಂಟೆಲ್ 2024ರಲ್ಲಿ ಬಿಡುಗಡೆ ಮಾಡಿದ ಪರಿಹಾರ ಬರುವುದು ಬಯೋಸ್ ಮೂಲಕವೇ. ಹಳೆಯ ಎಲ್‌ಜಿಎ 1151ರಲ್ಲಿ ಎಚ್ಚರ ಬೇಕು. 6 ಮತ್ತು 7ನೇ ತಲೆಮಾರಿನ ಬೋರ್ಡ್‌ಗೆ 8 ಮತ್ತು 9ನೇ ತಲೆಮಾರಿನ ಚಿಪ್ ಗಾತ್ರದಲ್ಲಿ ಹೊಂದಿದರೂ ಅಧಿಕೃತವಾಗಿ ನಡೆಯುವುದಿಲ್ಲ.

ಸಾಕೆಟ್‌ನಲ್ಲಿ ಮುಂದೆ ದಾರಿಯೇ ಇಲ್ಲದಿದ್ದರೆ ಬೋರ್ಡ್, ಪ್ರೊಸೆಸರ್, ಬಹುಶಃ ರ‍್ಯಾಮ್ ಕೂಡ ಒಟ್ಟಿಗೆ ಬದಲಾಗಬೇಕು. ಎಎಂ4 ನಂತರ ಬಂದ ಎಎಂಡಿಯ ಎಎಂ5 ಬೋರ್ಡ್‌ಗಳು ಡಿಡಿಆರ್5 ಮಾತ್ರ ಒಪ್ಪುತ್ತವೆ, ನಿಮ್ಮ ಡಿಡಿಆರ್4 ಸ್ಟಿಕ್‌ಗಳು ಅದರ ಸ್ಲಾಟ್‌ಗೆ ಕೂರುವುದೂ ಇಲ್ಲ. ಹೊಸ ರ‍್ಯಾಮ್ ಕೊಳ್ಳುವಾಗ ಎರಡು ಸ್ಟಿಕ್‌ನ ಒಂದೇ ಕಿಟ್ ತನ್ನಿ. ಬೇರೆ ಬೇರೆ ಸ್ಟಿಕ್ ಬೆರೆಸಿದರೆ ಎಕ್ಸ್‌ಎಂಪಿ ವೇಗ ನಿಲ್ಲದೇ ಹೋಗಬಹುದು. ಆನ್‌ಲೈನ್ ಗೇಮ್‌ಗಳಿಗೆ ಇವತ್ತು 16 ಜಿಬಿ ಕನಿಷ್ಠ. ಹಿಂದೆ ಬ್ರೌಸರ್, ವಾಯ್ಸ್ ಚಾಟ್, ರೆಕಾರ್ಡಿಂಗ್ ಎಲ್ಲ ಓಡಿಸುವವರಿಗೆ 32 ನೆಮ್ಮದಿ.

ತಡೆ ಕಾರ್ಡ್‌ನಲ್ಲಿದ್ದರೆ

ಕಾರ್ಡ್ ಆರಿಸುವಾಗ ವೇಗದ ಜೊತೆ ನಾಲ್ಕು ವಿಷಯ ನೋಡಬೇಕು: ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಎಷ್ಟು ವ್ಯಾಟ್, ಅದರಲ್ಲಿ ಯಾವ ಕನೆಕ್ಟರ್ ಇವೆ, ಕ್ಯಾಬಿನೆಟ್‌ನಲ್ಲಿ ಎಷ್ಟು ಉದ್ದದ ಜಾಗವಿದೆ, ಕಾರ್ಡ್ ಎಷ್ಟು ಪಿಸಿಐಇ ಲೇನ್ (ಕಾರ್ಡ್ ಮತ್ತು ಬೋರ್ಡ್ ನಡುವೆ ಮಾಹಿತಿ ಓಡುವ ದಾರಿ) ಬಳಸುತ್ತದೆ. ಮದರ್‌ಬೋರ್ಡ್ ಸ್ಲಾಟ್ ಕೊಡುವುದು 75 ವ್ಯಾಟ್‌ವರೆಗೆ, ಒಂದು 8 ಪಿನ್ ಕೇಬಲ್ ಕೊಡುವುದು 150 ವ್ಯಾಟ್. ಲೇನ್ ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಕಾರ್ಡ್ ಬಳಸುವುದು ನಾಲ್ಕೇ ಲೇನ್. ಪಿಸಿಐಇ 3.0 ಇರುವ ಹಳೆಯ ಬೋರ್ಡ್‌ಗೆ ಅದನ್ನು ಹಾಕಿದರೆ ದಾರಿ ಇನ್ನೂ ಕಿರಿದಾಗಿ ಫ್ರೇಮ್ ಕಳೆದುಕೊಳ್ಳುತ್ತೀರಿ.

ಎಸ್‌ಎಂಪಿಎಸ್ ಬದಲಿಸಿದರೆ ಅದರ ಜೊತೆ ಬಂದ ಕೇಬಲ್‌ಗಳನ್ನೇ ಬಳಸಿ. ಬಿಚ್ಚಿ ಹಾಕುವ ಮಾಡ್ಯುಲರ್ ಕೇಬಲ್‌ಗಳು ನೋಡಲು ಒಂದೇ ಥರ ಇದ್ದರೂ ಒಳಗಿನ ಪಿನ್‌ಗಳ ಜೋಡಣೆ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಮಾದರಿಯಿಂದ ಮಾದರಿಗೆ ಬೇರೆ. ಹಳೆಯ ಕೇಬಲ್ ಉಳಿಸಿಕೊಂಡು ಹೊಸ ಎಸ್‌ಎಂಪಿಎಸ್‌ಗೆ ಸಿಕ್ಕಿಸಿದರೆ ಡಿಸ್ಕ್, ಬೋರ್ಡ್ ಸುಟ್ಟುಹೋಗಬಹುದು.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ನಂಥ ಅಪ್‌ಸ್ಕೇಲಿಂಗ್ (ಕಡಿಮೆ ರೆಸಲ್ಯೂಶನ್‌ನಲ್ಲಿ ಬಿಡಿಸಿ ದೊಡ್ಡದು ಮಾಡುವ) ಆಯ್ಕೆ ನಿಮ್ಮ ಗೇಮ್‌ನಲ್ಲಿದ್ದರೆ ಕಾರ್ಡ್ ಕೊಳ್ಳುವ ಮೊದಲು ಅದನ್ನು ಆನ್ ಮಾಡಿ ನೋಡಿ. ತಡೆ ಕಾರ್ಡ್‌ನಲ್ಲಿದ್ದರೆ ಮಾತ್ರ ಇದರಿಂದ ಲಾಭ. ಫ್ರೇಮ್ ಜನರೇಶನ್ ಬೇರೆ ವಿಷಯ. ಅದು ನಡುನಡುವೆ ಫ್ರೇಮ್ ಹುಟ್ಟಿಸಿ ಅಂಕಿ ಏರಿಸುತ್ತದೆ, ಆದರೆ ಮೌಸ್ ಒತ್ತಿದ್ದಕ್ಕೆ ಆಟ ಸ್ಪಂದಿಸುವುದು ಬೇಗವಾಗುವುದಿಲ್ಲ, ತುಸು ತಡವೇ ಆಗುತ್ತದೆ. ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಅದು ಬೇಡ.

ಎಸ್‌ಎಸ್‌ಡಿ ಬಗ್ಗೆ ಒಂದೇ ಮಾತು: ಗೇಮ್ ಇನ್ನೂ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಎಸ್‌ಎಸ್‌ಡಿಗೆ ಹಾಕಿ, ಲೋಡ್ ಬೇಗ ಆಗುತ್ತದೆ, ಹೊಸ ಜಾಗಕ್ಕೆ ಹೋದಾಗಿನ ಗಕ್ಕನೆ ನಿಲ್ಲುವಿಕೆ ಕಡಿಮೆಯಾಗುತ್ತದೆ. ಸರಾಸರಿ ಎಫ್‌ಪಿಎಸ್ ಮಾತ್ರ ಏರುವುದಿಲ್ಲ.

ಬಿಚ್ಚುವ ಮೊದಲು, ಬಿಚ್ಚುವಾಗ

ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡ್ರೈವ್‌ಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯೇ ನೋಡಿ. ಇದ್ದರೆ ರಿಕವರಿ ಕೀ ಎಲ್ಲಾದರೂ ಬರೆದಿಟ್ಟುಕೊಂಡು, ಸ್ವಲ್ಪ ಹೊತ್ತಿಗೆ ಎನ್‌ಕ್ರಿಪ್ಶನ್ ನಿಲ್ಲಿಸಿ. ಪ್ರೊಸೆಸರ್ ಬದಲಿಸಿದಾಗ, ಕೆಲವೊಮ್ಮೆ ಬಯೋಸ್ ಅಪ್‌ಡೇಟ್ ಮಾಡಿದಾಗಲೂ, ಟಿಪಿಎಂ (ಆ ಬೀಗದ ಗುಟ್ಟು ಕಾಯುವ ಭದ್ರತಾ ಭಾಗ) ಬದಲಾಗಿ ವಿಂಡೋಸ್ ಆ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಡ್ರೈವ್‌ನಲ್ಲಿರುವುದೆಲ್ಲ ಕೈಬಿಟ್ಟಂತೆಯೇ. ಬಯೋಸ್ ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮುಗಿಸಿ, ಕರೆಂಟ್ ಹೋಗುವ ಭಯವಿಲ್ಲದ ಹೊತ್ತು ನೋಡಿಕೊಂಡು.

ಪಿಸಿ ಆಫ್ ಮಾಡಿ, ಹಿಂದಿನ ಸ್ವಿಚ್ ಆರಿಸಿ, ಕೇಬಲ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಹೋಗಲಿ. ಕೈಯನ್ನು ಕ್ಯಾಬಿನೆಟ್‌ನ ಬರಿ ಲೋಹಕ್ಕೆ ಮುಟ್ಟಿಸಿ ಮುಂದುವರಿಯಿರಿ.

ಎಎಂ4 ಚಿಪ್ ತೆಗೆಯುವಾಗ ಅವಸರ ಬೇಡ. ಇದರ ಪಿನ್‌ಗಳಿರುವುದು ಚಿಪ್‌ನ ಕೆಳಗೆ. ಪೇಸ್ಟ್ ಒಣಗಿ ಅಂಟಾಗಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ, ಲಿವರ್ ಲಾಕ್ ಆಗಿದ್ದರೂ, ಪ್ರೊಸೆಸರ್ ಅದಕ್ಕೆ ಕಚ್ಚಿಕೊಂಡೇ ಸಾಕೆಟ್‌ನಿಂದ ಕಿತ್ತು ಬರಬಹುದು, ಪಿನ್ ಬಾಗಬಹುದು. ಅದಕ್ಕೆ ಬಿಚ್ಚುವ ಮುಂಚೆ ಹತ್ತು ನಿಮಿಷ ಗೇಮ್ ಓಡಿಸಿ ಪೇಸ್ಟ್ ಬೆಚ್ಚಗಾಗಿಸಿ. ಕೂಲರ್‌ನ ಹಿಡಿತ ಬಿಚ್ಚಿ, ಅದನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಚಿ. ಜಾರಿದ ಅನುಭವ ಬೆರಳಿಗೆ ಸಿಕ್ಕ ಮೇಲೆ ಎತ್ತಿ. ಇಂಟೆಲ್ ಎಲ್‌ಜಿಎ ಮತ್ತು ಎಎಂ5ನಲ್ಲಿ ಪಿನ್‌ಗಳಿರುವುದು ಬೋರ್ಡ್‌ನ ಸಾಕೆಟ್‌ನಲ್ಲಿ. ಅಲ್ಲಿ ಬೆರಳು, ಬಟ್ಟೆ ಯಾವುದೂ ತಾಗಬಾರದು.

ಹೊಸ ಚಿಪ್‌ನ ಮೂಲೆಯಲ್ಲಿ ಸಣ್ಣ ತ್ರಿಕೋನ ಇರುತ್ತದೆ, ಸಾಕೆಟ್‌ನಲ್ಲೂ ಇರುತ್ತದೆ. ಎರಡನ್ನೂ ಹೊಂದಿಸಿ ಇಟ್ಟರೆ ಚಿಪ್ ತನ್ನ ಭಾರಕ್ಕೇ ಕೂರುತ್ತದೆ, ಒತ್ತಬೇಕಿಲ್ಲ. ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಹೊಸ ಕೂಲರ್ ಆದರೆ ತಳದ ಪ್ಲಾಸ್ಟಿಕ್ ಪದರ ತೆಗೆದಿರಾ ಅಂತ ನೋಡಿಕೊಳ್ಳಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ, ಫ್ಯಾನ್ ವೈರನ್ನು ಸಿಪಿಯು ಫ್ಯಾನ್ ಎಂದು ಬರೆದಿರುವ ಕಡೆಯೇ ಸಿಕ್ಕಿಸಿ. ಡಿಡಿಆರ್5 ಪಿಸಿಯಲ್ಲಿ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ರ‍್ಯಾಮ್‌ಗೆ ಬೋರ್ಡ್ ಹೊಂದಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಸುಮ್ನೆ ಆಫ್ ಮಾಡಬೇಡಿ.

ಕಾರ್ಡ್ ಬದಲಿಸುವುದು ಸುಲಭ. ಕಂಪನಿ ಬದಲಾಗುತ್ತಿದ್ದರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಬಳಸಿ ಹಳೆಯ ಡ್ರೈವರ್ ತೆಗೆದುಹಾಕಿ. ಸ್ಲಾಟ್ ತುದಿಯ ಚಿಲಕ ಒತ್ತದೆ ಎಳೆಯಬೇಡಿ, ಹೊಸದು ಟಕ್ ಅನ್ನುವವರೆಗೆ ಕೂರಿಸಿ, ಪವರ್ ಕೇಬಲ್ ಪೂರ್ತಿ ಒಳಗೆ ಹೋಗಲಿ.

ಮತ್ತೆ ಅದೇ ಅಳತೆ

ಬಯೋಸ್ ಅಪ್‌ಡೇಟ್ ಅಥವಾ ಪ್ರೊಸೆಸರ್ ಬದಲಾವಣೆಯ ಮೇಲೆ ಎಕ್ಸ್‌ಎಂಪಿ ಆಫ್ ಆಗಿರುವುದು ಮಾಮೂಲು, ಮತ್ತೆ ಆನ್ ಮಾಡಿ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡುವವರು ಟಿಪಿಎಂ ಮತ್ತು ಸೆಕ್ಯೂರ್ ಬೂಟ್ (ಬಯೋಸ್‌ನ ಇನ್ನೊಂದು ಭದ್ರತಾ ಆಯ್ಕೆ) ಆನ್ ಇದೆಯೇ ಎಂದೂ ನೋಡಬೇಕು, ಇಲ್ಲದಿದ್ದರೆ ಗೇಮ್ ಶುರುವೇ ಆಗುವುದಿಲ್ಲ. ಬೋರ್ಡ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡ್‌ನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೆ ಬಳಸಲು ಬಿಡುವ ಆಯ್ಕೆ) ಇದ್ದರೆ ಅದನ್ನೂ ಆನ್ ಮಾಡಿ.

ಮೊದಲು ಅಳೆದ ಅದೇ ದೃಶ್ಯ, ಅದೇ ಸೆಟ್ಟಿಂಗ್ಸ್‌ನಲ್ಲಿ ಮತ್ತೆ ಅಳೆಯಿರಿ. ಪ್ರೊಸೆಸರ್ ಬದಲಿಸಿದ ಮೇಲೆ ಕಾರ್ಡ್ ಬಳಕೆ ಶೇ. 58ರಿಂದ 95ರ ಮೇಲೆ ಹೋಗಿದ್ದರೆ ತಡೆ ಈಗ ಕಾರ್ಡ್‌ಗೆ ಬಂದಿದೆ. ಇದು ಒಳ್ಳೆಯ ಸುದ್ದಿ, ಏಕೆಂದರೆ ಕಾರ್ಡ್‌ನ ಭಾರ ಇಳಿಸಲು ಸೆಟ್ಟಿಂಗ್ಸ್ ಸಾಕು. ನೆರಳು, ಆಂಟಿ ಅಲಿಯಾಸಿಂಗ್ (ಅಂಚುಗಳನ್ನು ನುಣುಪಾಗಿಸುವುದು), ಎಫೆಕ್ಟ್ಸ್ ಗುಣಮಟ್ಟವನ್ನು ಒಂದೊಂದೇ ಇಳಿಸಿ ನೋಡಿ. ಒಟ್ಟಿಗೆ ಎಲ್ಲ ಬದಲಿಸಿದರೆ ಯಾವುದರಿಂದ ಲಾಭವಾಯಿತು ಅಂತ ತಿಳಿಯುವುದೇ ಇಲ್ಲ.

ಕೊನೆಗೆ ಫ್ರೇಮ್ ಮಿತಿ ವಾಪಸ್ ಹಾಕಿ. ಫ್ರೇಮ್ ರೇಟ್‌ಗೆ ತಕ್ಕಂತೆ ತನ್ನ ವೇಗ ಬದಲಿಸಿಕೊಳ್ಳುವ ಜಿ-ಸಿಂಕ್ ಅಥವಾ ಫ್ರೀಸಿಂಕ್ ಮಾನಿಟರ್ ಇದ್ದರೆ ರಿಫ್ರೆಶ್ ರೇಟ್‌ಗಿಂತ ಮೂರ್ನಾಲ್ಕು ಫ್ರೇಮ್ ಕೆಳಗೆ, 144ಕ್ಕೆ 140ರ ಹಾಗೆ ಇಡಿ. ಎನ್‌ವಿಡಿಯಾ ಕಾರ್ಡ್ ಇದ್ದು ಗೇಮ್‌ನಲ್ಲಿ ರಿಫ್ಲೆಕ್ಸ್ (ಮೌಸ್ ಒತ್ತಿದ್ದಕ್ಕೆ ಆಟ ಸ್ಪಂದಿಸುವ ತಡ ಇಳಿಸುವ) ಆಯ್ಕೆ ಇದ್ದರೆ ಆನ್ ಮಾಡಿ. ಸುಮಾರು ಒಂದು ವಾರ ಹೀಗೇ ಆಡಿ, 1 ಪರ್ಸೆಂಟ್ ಲೋ ಮೇಲೆ ಕಣ್ಣಿಡಿ. ಎರಡನೆಯ ಬಿಡಿಭಾಗ ಬೇಕೋ ಬೇಡವೋ ಎಂಬುದು ಅಷ್ಟರಲ್ಲಿ ಅಂಕಿಗಳಿಂದಲೇ ಗೊತ್ತಾಗುತ್ತದೆ.